ಬಸ್ ಚಾಲಕ ತಂತ್ರಾಂಶದ ನೆಲೆ: ಗಣಕದ ತಿರುಳಿನಲ್ಲಿ ಒಂದು ವರ್ಗೀಕರಣದ ಪ್ರಶ್ನೆ

೧

ಈಚೆಗೆ ವಿಜಯವಾಡದಲ್ಲಿ ವಿಚಾರಗೋಷ್ಠಿಯೊಂದನ್ನು ಮುಗಿಸಿಕೊಂಡು ಮರಳುವಾಗ ವಿಮಾನ ತಡವಾದುದರಿಂದ ಗನ್ನವರಂನಲ್ಲಿ ಕೆಲವು ಗಂಟೆಗಳನ್ನು ಕಳೆಯಬೇಕಾಯಿತು. ವಿಜಯವಾಡದ ವಿಮಾನ ನಿಲ್ದಾಣವಿರುವುದು ಈ ಊರಿನಲ್ಲಿ. ಚೆನ್ನೈ ಮತ್ತು ಕೋಲ್ಕತ್ತಗಳನ್ನು ಕೂಡಿಸುವ ಹೆದ್ದಾರಿಯೂ ಹೌರಾ-ಚೆನ್ನೈ ರೈಲುಮಾರ್ಗವೂ ಇದೇ ಊರನ್ನು ಹಾದುಹೋಗುತ್ತವೆ. ನನ್ನನ್ನು ಕಳುಹಿಸಿಕೊಡಲು ಬಂದಿದ್ದ ಬಳ್ಳಾರಿ ಕಡೆಯ ತರುಣ ಇಂಜಿನಿಯರರನ್ನು ಅವರ ಕೆಲಸದ ಬಗೆಗೆ ವಿಚಾರಿಸಿದೆ. “ಬಸ್ ಡ್ರೈವರ್ ಎಲ್ಲಿರಬೇಕು ಅನ್ನೋದರ ಮೇಲೆ ಎರಡು ವಾರದಿಂದ ನಮ್ಮಲ್ಲಿ ವಾದ ನಡೀತಿದೆ, ಸರ್” ಎಂದರು. ಬಸ್ಸಿನ ಮುಂಭಾಗದಲ್ಲಲ್ಲದೆ ಮತ್ತೆಲ್ಲಿ ಎಂದು ನಾನು ಕೇಳಿದೆ. ಅವರು ನಕ್ಕು, ಕೈಲಿದ್ದ ಕಾಗದದ ಮೇಲೆ ಚಿತ್ರ ಬರೆಯಲು ತೊಡಗಿದರು.

ಅವರು ಹೇಳಿದ್ದು ಗಣಕಯಂತ್ರದೊಳಗಿನ ಬಸ್ಸಿನ ವಿಷಯ. ಮೇಲುನೋಟಕ್ಕೆ ಇದು ಯಂತ್ರಶಾಸ್ತ್ರಜ್ಞರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ತೋರುತ್ತದೆ. ಆದರೆ ಅದರ ತಿರುಳಿನಲ್ಲಿರುವುದು ವರ್ಗೀಕರಣದ ಸಮಸ್ಯೆ. ಹಸ್ತಪ್ರತಿ ಸೂಚಿಯನ್ನೋ ಶಾಸನ ಸಂಪುಟವನ್ನೋ ಸಿದ್ಧಪಡಿಸಿದವರೆಲ್ಲರೂ ಎದುರಿಸಿರುವಂಥದು. ರಾಜ್ಯದ ಹೊರಗಿದ್ದು ಕನ್ನಡ ಸಂಶೋಧನೆ ನಡೆಸುವ ನಾವು ಇಂದು ಪಠ್ಯಗಳನ್ನು ಹೆಚ್ಚಾಗಿ ಗಣಕದ ಮೂಲಕವೇ ಪಡೆಯುತ್ತೇವೆ, ಗಣಕದಲ್ಲಿಯೇ ಉಳಿಸುತ್ತೇವೆ. ಆ ಪಠ್ಯಗಳ ಆಯುಷ್ಯಕ್ಕೂ ಈ ಪ್ರಶ್ನೆಗೂ ಸಂಬಂಧವಿದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಪರಿಭಾಷೆ. ‘ಬಸ್’ ಎಂಬುದು ‘ಎಲ್ಲರಿಗಾಗಿ’ ಎಂಬರ್ಥದ ಲ್ಯಾಟಿನ್ ಪದ ‘ಆಮ್ನಿಬಸ್’ ಎಂಬುದರ ಬಾಲ. ರಸ್ತೆಯ ಬಸ್ಸಿಗೂ ಗಣಕದ ಬಸ್ಸಿಗೂ ಮೂಲ ಇದೇ. ಗಣಕದಲ್ಲಿ ಪ್ರೊಸೆಸರ್, ಸ್ಮೃತಿ, ಡಿಸ್ಕು, ಕೀಲಿಮಣೆ, ಮುದ್ರಣಯಂತ್ರ ಮೊದಲಾದ ಭಾಗಗಳು ಪರಸ್ಪರ ಮಾತಾಡಲು ಹಂಚಿಕೊಳ್ಳುವ ತಂತಿಗಳ ಸಮೂಹ ಮತ್ತು ಆ ತಂತಿಗಳ ಮೇಲೆ ನಡೆಯಬೇಕಾದ ವ್ಯವಹಾರದ ನಿಯಮ, ಇವೆರಡೂ ಸೇರಿ ಬಸ್ ಎನಿಸಿಕೊಳ್ಳುತ್ತವೆ. ಇದರ ಮುಖ್ಯ ಲಕ್ಷಣ ಹಂಚಿಕೆ. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು.

ಕಾರ್ಯಾಚರಣ ವ್ಯವಸ್ಥೆಯ ಒಳಭಾಗವನ್ನು ‘ಕರ್ನಲ್’ ಎನ್ನುತ್ತಾರೆ. ಕನ್ನಡದಲ್ಲಿ ‘ತಿರುಳು’ ಎನ್ನಬಹುದು. ಯಂತ್ರದ ಯಾವ ಭಾಗವನ್ನಾದರೂ ಮುಟ್ಟುವ ಅಧಿಕಾರ ತಿರುಳಿಗೆ ಮಾತ್ರ ಉಂಟು. ನಾವು ಬಳಸುವ ಬರವಣಿಗೆಯ ತಂತ್ರಾಂಶದಂಥವು ತಿರುಳಿನ ಹೊರಗೆ, ಸೀಮಿತ ಅಧಿಕಾರದಲ್ಲಿ ನಡೆಯುತ್ತವೆ. ನಿರ್ದಿಷ್ಟ ಯಂತ್ರಭಾಗವನ್ನು ನಡೆಸುವ ಸೂಚನೆಗಳ ಕಟ್ಟು ‘ಡ್ರೈವರ್’, ಎಂದರೆ ಚಾಲಕ.

ಬಸ್ಸುಗಳಲ್ಲಿ ಎರಡು ಬಗೆ. ೧೯೯೨ರಲ್ಲಿ ಇಂಟೆಲ್ ಪ್ರಕಟಿಸಿದ ಪಿಸಿಐ, ೧೯೯೬ರಲ್ಲಿ ಬಂದ ಯುಎಸ್‌ಬಿ ಮೊದಲನೆಯ ಬಗೆಯವು. ಇವುಗಳಿಗೆ ಜೋಡಿಸಿದ ಸಾಧನ ತನ್ನನ್ನು ತಾನೇ ಪರಿಚಯಿಸಿಕೊಳ್ಳುತ್ತದೆ. ಪಿಸಿಐ ಸಾಧನದಲ್ಲಿ ತಯಾರಕರ ಸಂಖ್ಯೆ, ಸಾಧನದ ಸಂಖ್ಯೆ ಎಂದು ತಲಾ ೧೬ ಬಿಟ್‌ಗಳ ಎರಡು ಗುರುತುಗಳಿರುತ್ತವೆ. ತಿರುಳು ಅವನ್ನು ಓದಿ ತಕ್ಕ ಚಾಲಕವನ್ನು ಕರೆಯುತ್ತದೆ. ಇವು ಅಂಕಿತವಿರುವ ವಚನಗಳಂತೆ. ಯಾರದೆಂದು ತಾವೇ ಹೇಳುತ್ತವೆ. ೧೯೮೨ರಲ್ಲಿ ಫಿಲಿಪ್ಸ್ ಸಂಸ್ಥೆ ರೂಪಿಸಿದ ಐ೨ಸಿ ಎಂಬ ಎರಡು ತಂತಿಗಳ ಬಸ್ಸು ಇನ್ನೊಂದು ಬಗೆಯದು. ಅದರ ಮೇಲಿನ ಚಿಪ್ಪಿಗೆ ೭ ಬಿಟ್‌ಗಳ ವಿಳಾಸವಿದೆ, ಹೆಸರಿಲ್ಲ. ಆ ವಿಳಾಸದಲ್ಲಿರುವುದು ಗಡಿಯಾರವೋ ಉಷ್ಣಮಾಪಕವೋ ಎಂಬುದನ್ನು ಹೊರಗಿನವರು ತಿಳಿಸಬೇಕು. ಇವು ಅಂಕಿತವಿಲ್ಲದ ಬಿಡಿ ಗರಿಗಳಿದ್ದಂತೆ; ಸೂಚಿಕಾರನ ನೆರವಿಲ್ಲದೆ ಗುರುತು ಸಿಗದು.

೩

‘ಬಸ್ ಡ್ರೈವರ್’ ಎಂಬ ಒಂದೇ ಹೆಸರಿನ ಕೆಳಗೆ ವಾಸ್ತವವಾಗಿ ಮೂರು ಬಗೆಯ ಜ್ಞಾನ ಬೆರೆತಿರುತ್ತದೆ. ಎಲ್ಲಿಡಬೇಕೆಂಬ ವಾದ ಹುಟ್ಟುವುದು ಇವನ್ನು ಬೇರ್ಪಡಿಸದೆ ಇರುವುದರಿಂದ.

ಮೊದಲನೆಯದು ಬಸ್ಸಿನ ನಿಯಮದ ಜ್ಞಾನ: ಸರದಿ ಹೇಗೆ, ವಿಳಾಸ ಹೇಗೆ, ಸಾಧನ ಮತ್ತು ಚಾಲಕಗಳನ್ನು ಜೋಡಿಸುವುದು ಹೇಗೆ ಎಂಬುದು. ಈ ಜ್ಞಾನ ಯಾವ ಕಂಪನಿಗೂ ಯಾವ ಯಂತ್ರಕ್ಕೂ ಸೇರಿದ್ದಲ್ಲ. ಎರಡನೆಯದು ನಿಯಂತ್ರಕದ ಜ್ಞಾನ. ನಿರ್ದಿಷ್ಟ ತಯಾರಕರ ನಿರ್ದಿಷ್ಟ ಚಿಪ್ಪಿನಲ್ಲಿ ಆ ತಂತಿಗಳ ಮೇಲೆ ಸಂಕೇತ ಹೊರಡಿಸುವ ಬಗೆ ಇಲ್ಲಿಯ ವಿಷಯ. ಮೂರನೆಯದು ಬಸ್ಸಿನ ಆಚೆ ತುದಿಯಲ್ಲಿರುವ ಸಾಧನದ ಜ್ಞಾನ: ಗಡಿಯಾರದ ಚಿಪ್ಪಿನಿಂದ ವೇಳೆಯನ್ನು ಓದಿಕೊಳ್ಳುವುದು ಹೇಗೆ ಎಂಬಂಥದು.

ಗನ್ನವರಂ ರೈಲು ನಿಲ್ದಾಣ ಇದಕ್ಕೆ ಒಳ್ಳೆಯ ದೃಷ್ಟಾಂತ. ರೈಲಿನಲ್ಲಿರುವ ಚಾಲಕನಿಗೆ ತನ್ನ ಎಂಜಿನ್ನು ಗೊತ್ತು. ಆದರೆ ಮುಂದಿನ ಹಳಿ ಖಾಲಿಯಿದೆಯೇ ಎಂಬುದನ್ನು ಅವನು ನಿರ್ಧರಿಸಲಾರ. ಅದನ್ನು ನಿರ್ಧರಿಸುವವನು ಸ್ಟೇಷನ್ ಮಾಸ್ತರ. ಮಾಸ್ತರನು ಯಾವ ರೈಲಿಗೂ ಸೇರಿದವನಲ್ಲ, ಮಾರ್ಗಕ್ಕೆ ಸೇರಿದವನು. ಆ ನಿಲ್ದಾಣದ ಸಿಗ್ನಲ್ಲುಗಳನ್ನು ನಡೆಸುವ ಯಂತ್ರ ಮತ್ತೊಂದು. ಅದು ಆಯಾ ಊರಿನದು. ಈ ಹೋಲಿಕೆಯಲ್ಲಿ ಬಸ್ಸಿನ ನಿಯಮದ ತಂತ್ರಾಂಶವು ಮಾಸ್ತರ, ನಿಯಂತ್ರಕದ ತಂತ್ರಾಂಶವು ಸಿಗ್ನಲ್ ಯಂತ್ರ, ಸಾಧನದ ತಂತ್ರಾಂಶವು ರೈಲಿನ ಚಾಲಕ. ‘ಬಸ್ ಡ್ರೈವರ್’ ಎಂಬ ಹೆಸರು ಮಾಸ್ತರನನ್ನು ಚಾಲಕನೆಂದು ಕರೆದು ನಮ್ಮನ್ನು ದಾರಿತಪ್ಪಿಸುತ್ತದೆ.

ಲಿನಕ್ಸ್ ತಿರುಳಿನಲ್ಲಿ ಈ ವಿಭಜನೆಯನ್ನು ಸ್ಪಷ್ಟವಾಗಿ ಕಾಣಬಹುದು. ಐ೨ಸಿಯ ನಿಯಮಭಾಗವೂ ಬೇರೆ ಬೇರೆ ತಯಾರಕರ ನಿಯಂತ್ರಕಗಳೂ ‘ಐ೨ಸಿ’ ಎಂಬ ಕೋಶದಲ್ಲಿ, ಅದರೊಳಗೂ ಬೇರೆ ಬೇರೆ ವಿಭಾಗಗಳಲ್ಲಿ ಇವೆ. ಆದರೆ ಐ೨ಸಿ ಮೂಲಕ ಜೋಡಿಸಿದ ಗಡಿಯಾರದ ಚಾಲಕವನ್ನು ಅಲ್ಲಿ ಹುಡುಕಿದರೆ ಸಿಗದು. ಅದಿರುವುದು ಗಡಿಯಾರಗಳ ಕೋಶದಲ್ಲಿ. ಡಿಎಸ್೩೨೩೨ ಎಂಬ ಗಡಿಯಾರದ ಚಿಪ್ಪು ಐ೨ಸಿ ಮೇಲೆ ನಡೆಯುತ್ತದೆ. ಅದರ ದಾಯಾದಿ ಡಿಎಸ್೩೨೩೪, ಎಸ್‌ಪಿಐ ಎಂಬ ಇನ್ನೊಂದು ಬಸ್ಸಿನ ಮೇಲೆ ನಡೆಯುತ್ತದೆ. ಎರಡಕ್ಕೂ ಒಂದೇ ಚಾಲಕ ಕಡತವಿದೆ. ಗಡಿಯಾರವನ್ನು ಯಾವ ದಾರಿಯಿಂದ ತಲಪಿದರೂ ವೇಳೆ ವೇಳೆಯೇ ಎಂಬ ವಿವೇಕ ಇಲ್ಲಿದೆ. ೨೦೦೩ರ ಡಿಸೆಂಬರಿನಲ್ಲಿ ಹೊರಬಂದ ಲಿನಕ್ಸ್ ೨.೬ ಆವೃತ್ತಿಯಲ್ಲಿ ಬಸ್ಸು, ಸಾಧನ, ಚಾಲಕ ಎಂಬ ಮೂರನ್ನೂ ಪ್ರತ್ಯೇಕ ವಸ್ತುಗಳಾಗಿ ಗುರುತಿಸುವ ಸಾಮಾನ್ಯ ಮಾದರಿ ನೆಲೆಗೊಂಡಿತು. ವಿಂಡೋಸ್‌ನಲ್ಲಿಯೂ ವಿಂಡೋಸ್ ೯೮ ಮತ್ತು ೨೦೦೦ರ ಕಾಲದಿಂದ ಬಸ್ಸಿನ ಚಾಲಕ, ಕಾರ್ಯದ ಚಾಲಕ ಎಂಬ ಭೇದವಿದೆ. ಭಿನ್ನ ಸಂಪ್ರದಾಯಗಳು ಒಂದೇ ವಿಭಜನೆಗೆ ಬಂದು ನಿಂತಿರುವುದು ಗಮನಾರ್ಹ.

೪

ಈ ತಂತ್ರಾಂಶ ತಿರುಳಿನ ಒಳಗಿರಬೇಕೇ ಹೊರಗಿರಬೇಕೇ ಎಂಬುದು ಮುಂದಿನ ಪ್ರಶ್ನೆ. ಇದು ಹಳೆಯ ವಿವಾದ. ೧೯೯೨ರಲ್ಲಿ ಆಂಡ್ರ್ಯೂ ಟ್ಯಾನೆನ್‌ಬಾಮ್ ಮತ್ತು ಲೈನಸ್ ಟೊರ್ವಾಲ್ಡ್ಸ್ ಅವರ ನಡುವೆ ನಡೆದ ಚರ್ಚೆ ಪ್ರಸಿದ್ಧವಾದುದು. ತಿರುಳು ಆದಷ್ಟು ಕಿರಿದಾಗಿರಬೇಕು, ಚಾಲಕಗಳು ಹೊರಗೆ ಸಾಮಾನ್ಯ ಕಾರ್ಯಕ್ರಮಗಳಂತೆ ನಡೆಯಬೇಕು, ಒಂದು ಕುಸಿದರೆ ಉಳಿದವು ಕುಸಿಯಬಾರದು ಎಂಬುದು ಟ್ಯಾನೆನ್‌ಬಾಮ್ ಅವರ ಪಕ್ಷ. ೨೦೦೫ರಲ್ಲಿ ಹೊರಬಂದ ಅವರ ಮಿನಿಕ್ಸ್ ೩ ಇದನ್ನು ಆಚರಣೆಗೆ ತಂದಿತು. ಟೊರ್ವಾಲ್ಡ್ಸ್ ಅವರ ಲಿನಕ್ಸ್ ಚಾಲಕಗಳನ್ನು ಒಳಗೇ ಇರಿಸಿಕೊಂಡಿತು.

ಬಸ್ಸನ್ನು ಒಳಗಿರಿಸಬೇಕೆನ್ನುವವರಿಗೆ ಮೂರು ಬಲವಾದ ಕಾರಣಗಳಿವೆ. ಬಸ್ಸು ಹಂಚಿಕೆಯದಾದುದರಿಂದ ಸರದಿ ನಿರ್ಧರಿಸುವವನು ಎಲ್ಲರೂ ನಂಬುವವನಾಗಿರಬೇಕು ಎಂಬುದು ಮೊದಲನೆಯದು. ಎರಡನೆಯದು ರಕ್ಷಣೆ. ಪಿಸಿಐಯಂಥ ಬಸ್ಸಿನ ಮೇಲಿರುವ ಸಾಧನವು ಪ್ರೊಸೆಸರಿನ ಮಧ್ಯಸ್ಥಿಕೆಯಿಲ್ಲದೆ ನೇರವಾಗಿ ಸ್ಮೃತಿಯಲ್ಲಿ ಬರೆಯಬಲ್ಲುದು. ತಡೆಯುವ ಏರ್ಪಾಡು ಇಲ್ಲದಿದ್ದರೆ ಅದು ತಿರುಳಿನ ಪುಟವನ್ನೇ ತಿದ್ದಿಬಿಡಬಹುದು. ಮೂರನೆಯದು ಕ್ರಮ. ಡಿಸ್ಕಿನಲ್ಲಿರುವ ಕಾರ್ಯಕ್ರಮವನ್ನು ಓದಲು ಡಿಸ್ಕಿಗೆ ಹೋಗುವ ಬಸ್ಸು ಮೊದಲು ನಡೆಯಬೇಕು. ಬಸ್ಸನ್ನು ನಡೆಸುವ ಕಾರ್ಯಕ್ರಮವೇ ಆ ಡಿಸ್ಕಿನಲ್ಲಿದ್ದರೆ ಬೀಜವೃಕ್ಷ ನ್ಯಾಯದ ಇಕ್ಕಟ್ಟು ಉಂಟಾಗುತ್ತದೆ. ಯಂತ್ರ ಏಳುವಾಗಲೇ ಸ್ಮೃತಿಗೆ ಬಂದುಬಿಡುವ ಭಾಗದಲ್ಲಿ ಅದು ಇರಬೇಕು.

ಹಾಗೆಂದು ಎಲ್ಲವೂ ಒಳಗಿರಬೇಕೆಂದಲ್ಲ. ಯುಎಸ್‌ಬಿಗೆ ಜೋಡಿಸಿದ ಅನೇಕ ಸ್ಕ್ಯಾನರುಗಳ ಚಾಲಕಗಳು ಲಿನಕ್ಸ್‌ನಲ್ಲಿ ತಿರುಳಿನ ಹೊರಗೇ ಇವೆ. ಅವು ‘ಲಿಬ್‌ಯುಎಸ್‌ಬಿ’ ಎಂಬ ಭಂಡಾರದ ಮೂಲಕ ತಿರುಳಿನೊಳಗಿನ ಬಸ್ಸಿಗೆ ಮನವಿ ಸಲ್ಲಿಸುತ್ತವೆ. ಒಂದು ಹೊತ್ತಿಗೆ ಒಬ್ಬರೇ ಬಳಸುವ, ಯಂತ್ರದ ಏಳಿಗೆಗೆ ಬೇಕಿಲ್ಲದ ಸಾಧನಕ್ಕೆ ಇದು ಸಾಕು. ಹೊರಗಿರಿಸುವ ಪಕ್ಷದವರು ಕೂಡ ಬಸ್ಸನ್ನು ಪ್ರತಿಯೊಂದು ಚಾಲಕಕ್ಕೂ ಹಂಚಿಕೊಡುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಮಿನಿಕ್ಸ್ ೩ರಲ್ಲಿ ಪಿಸಿಐ ನೋಡಿಕೊಳ್ಳುವುದಕ್ಕೆ ಪ್ರತ್ಯೇಕ ಕಾರ್ಯಕ್ರಮವೊಂದಿದ್ದು, ಉಳಿದ ಚಾಲಕಗಳು ಅದನ್ನೇ ಕೇಳುತ್ತವೆ. ಆದುದರಿಂದ ವಿವಾದವಿರುವುದು ಮಾಸ್ತರನ ಕಚೇರಿ ಕೋಟೆಯ ಒಳಗೋ ಹೊರಗೋ ಎಂಬುದರಲ್ಲಿ. ಮಾಸ್ತರನೊಬ್ಬನು ಬೇಕು, ಅವನು ರೈಲಿನಲ್ಲಿ ಕುಳಿತಿರಬಾರದು ಎಂಬುದರಲ್ಲಿ ಉಭಯ ಪಕ್ಷಗಳಿಗೂ ಸಮ್ಮತಿಯಿದೆ.

೫

ಒಳಗೇ ಇರಲಿ ಎಂದು ಒಪ್ಪಿದರೂ ಯಾವ ಕೋಣೆಯಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ. ಗನ್ನವರಂನ ತರುಣರ ವಾದ ಇದ್ದುದು ಇಲ್ಲಿಯೇ.

ನಮ್ಮ ಶಾಸನ ಸಂಪುಟಗಳನ್ನು ನೆನೆಯೋಣ. ಬಿ. ಎಲ್. ರೈಸ್ ಅವರು ೧೮೮೬ರಿಂದ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಶಾಸನಗಳನ್ನು ಸ್ಥಳವಾರು ಜೋಡಿಸಿ, ತಾಲ್ಲೂಕಿನ ಅನುಕ್ರಮದಲ್ಲಿ ಸಂಖ್ಯೆ ಕೊಟ್ಟಿದೆ. ಕ್ಷೇತ್ರಕ್ಕೆ ಹೋಗಿ ಕಲ್ಲನ್ನು ಹುಡುಕುವವನಿಗೆ ಇದು ಉಪಯುಕ್ತ. ಒಂದು ರಾಜವಂಶವನ್ನು ಅಧ್ಯಯನ ಮಾಡುವವನು ಮಾತ್ರ ಎಲ್ಲ ಸಂಪುಟಗಳನ್ನೂ ತಿರುವಿಹಾಕಬೇಕು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆ ಸ್ಥಳವನ್ನು ಬಿಟ್ಟು ಕವಿ ಮತ್ತು ಕಾಲಗಳನ್ನು ಆಧಾರವಾಗಿಟ್ಟುಕೊಂಡಿತು. ಎರಡೂ ಸರಿಯೆ, ಬಳಸುವವನ ಪ್ರಶ್ನೆ ಬೇರೆ ಬೇರೆ.

ಆರ್ಮ್ ಎಂಬ ಪ್ರೊಸೆಸರ್ ಕುಲಕ್ಕೆ ಸೇರಿದ ಯಂತ್ರಗಳಿಗಾಗಿ ಲಿನಕ್ಸ್‌ನಲ್ಲಿ ಬಹುಕಾಲ ಸ್ಥಳವಾರು ಜೋಡಣೆಯೇ ನಡೆದಿತ್ತು. ಪ್ರತಿ ಚಿಪ್ ತಯಾರಕರಿಗೂ ಒಂದು ಕೋಶ, ಅದರಲ್ಲಿ ಪ್ರತಿ ಫಲಕಕ್ಕೂ ಒಂದು ಕಡತ ಎಂಬ ರೂಢಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಕೂಡಿ ರೂಪಿಸಿ ೨೦೦೧ರಲ್ಲಿ ಹೊರತಂದ ಸಿಂಪ್ಯೂಟರ್ ಈ ಕಾಲದ್ದು. ಆರ್ಮ್ ಕುಲದ ಸ್ಟ್ರಾಂಗ್‌ಆರ್ಮ್ ಚಿಪ್ಪು, ಅದರ ಮೇಲೆ ಲಿನಕ್ಸ್. ಅಂಥ ಕೈಗಣಕಗಳು ಬೆರಳೆಣಿಕೆಯಷ್ಟಿದ್ದಾಗ ಈ ರೂಢಿ ಹೊರೆಯೆನಿಸಲಿಲ್ಲ. ಮೊಬೈಲ್ ಫೋನುಗಳ ಕಾಲ ಬಂದಾಗ ಫಲಕಗಳು ನೂರಾರಾದವು. ಒಂದೇ ಬಗೆಯ ಗಡಿಯಾರದ ಏರ್ಪಾಡನ್ನೂ ಬಸ್ಸಿನ ತಂತ್ರಾಂಶವನ್ನೂ ಪ್ರತಿಯೊಬ್ಬರೂ ತಮ್ಮ ತಮ್ಮ ಕೋಶದಲ್ಲಿ ಬೇರೆ ಬೇರೆಯಾಗಿ ಬರೆದುಕೊಂಡರು. ಒಂದು ಕಡೆ ತಿದ್ದಿದ ತಪ್ಪು ಉಳಿದ ಕಡೆ ಹಾಗೆಯೇ ಉಳಿಯುತ್ತಿತ್ತು. ಪ್ರತಿಕಾರರ ಪರಂಪರೆಯನ್ನು ಬಲ್ಲವರಿಗೆ ಇದು ಹೊಸದಲ್ಲ.

೨೦೧೧ರಲ್ಲಿ ಟೊರ್ವಾಲ್ಡ್ಸ್ ಅವರು ಇದನ್ನು ಕಟುವಾಗಿ ಆಕ್ಷೇಪಿಸಿದರು. ಅನಂತರ ಆದ ಬದಲಾವಣೆಗಳಲ್ಲಿ ಎರಡು ಮುಖ್ಯ. ಒಂದು, ಯಾವ ಫಲಕದ ಮೇಲೆ ಯಾವ ವಿಳಾಸದಲ್ಲಿ ಏನಿದೆ ಎಂಬ ವಿವರಣೆಯನ್ನು ತಂತ್ರಾಂಶದಿಂದ ಬೇರ್ಪಡಿಸಿ ‘ಡಿವೈಸ್ ಟ್ರೀ’ ಎಂಬ ಪ್ರತ್ಯೇಕ ಪಟ್ಟಿಗೆ ಸಾಗಿಸಲಾಯಿತು. ಇದು ವಿವರಣಾತ್ಮಕ ಹಸ್ತಪ್ರತಿ ಸೂಚಿಗೆ ಸಮಾನ; ಏನಿದೆಯೆಂದು ಹೇಳುತ್ತದೆ, ಪಠ್ಯವನ್ನು ಸಂಪಾದಿಸಲು ಹೋಗುವುದಿಲ್ಲ. ಇನ್ನೊಂದು, ಉಳಿದ ತಂತ್ರಾಂಶವನ್ನು ಫಲಕದ ಕೋಶಗಳಿಂದ ಬಿಡಿಸಿ ಕಾರ್ಯದ ಪ್ರಕಾರ ‘ಡ್ರೈವರ್ಸ್’ ಎಂಬ ದೊಡ್ಡ ಕೋಶದ ಒಳಗೆ ಜೋಡಿಸಲಾಯಿತು. ೨೦೧೨ರಲ್ಲಿ ಅಲ್ಲಿ ‘ಬಸ್’ ಎಂಬ ಹೊಸ ಕೋಣೆ ಹುಟ್ಟಿತು. ಮೊದಲು ಬಂದು ಸೇರಿದವುಗಳಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಓಮ್ಯಾಪ್ ಚಿಪ್ಪಿನ ಒಳಬಸ್ಸಿನ ತಂತ್ರಾಂಶವೂ ಒಂದು. ೧೯೮೫ರಲ್ಲಿಯೇ ಬೆಂಗಳೂರಿನಲ್ಲಿ ಕೇಂದ್ರ ತೆರೆದ ಕಂಪನಿಯದು.

ಈ ಕೋಣೆಗೂ ಒಂದು ಅಪಾಯವುಂಟು. ಸೂಚಿಗಳಲ್ಲಿ ‘ಸಂಕೀರ್ಣ’ ಎಂಬ ವಿಭಾಗವಿದ್ದರೆ ಸಂದೇಹವಿರುವುದೆಲ್ಲ ಅಲ್ಲಿಗೆ ಬಂದು ಬೀಳುತ್ತದೆ. ಆದುದರಿಂದ ರೂಢಿಗೆ ಬಂದಿರುವ ವಿವೇಕ ಹೀಗಿದೆ: ಪಿಸಿಐ, ಯುಎಸ್‌ಬಿ, ಐ೨ಸಿಗಳಂತೆ ಹಲವು ತಯಾರಕರು ಒಪ್ಪಿರುವ ಬಸ್ಸಿಗೆ ಅದರದೇ ಕೋಶ, ಚಿಪ್ಪಿನ ಒಳಗೇ ಇರುವ, ಯಾವ ಕುಟುಂಬಕ್ಕೂ ಸೇರದ ಬಸ್ಸಿಗೆ ‘ಬಸ್’ ಕೋಣೆ. ಒಂದೇ ಯಂತ್ರಭಾಗಕ್ಕೆ ಸಂಬಂಧಿಸಿದುದೆಲ್ಲ ಒಂದೇ ಕಡೆ ಇರಬೇಕೆಂಬ ನಿಯಮವೂ ಇಲ್ಲ. ಆರ್ಮ್ ಸಂಸ್ಥೆಯ ಸಿಸಿಐ ಎಂಬ ಒಳಬಸ್ಸಿನ ತಂತ್ರಾಂಶ ಮೊದಲು ‘ಬಸ್’ ಕೋಣೆಯಲ್ಲಿತ್ತು. ಅದರೊಳಗೆ ವೇಗವನ್ನು ಅಳೆಯುವ ಭಾಗವನ್ನು ಅನಂತರ ಬಿಡಿಸಿ ಮಾಪನ ಸಾಧನಗಳ ಕೋಶಕ್ಕೆ ಕಳುಹಿಸಲಾಯಿತು. ತಂತ್ರಾಂಶದ ನೆಲೆಯನ್ನು ನಿರ್ಧರಿಸುವುದು ಅದು ಮುಟ್ಟುವ ಚಿಪ್ಪಲ್ಲ, ಅದರಲ್ಲಿ ಅಡಗಿರುವ ಜ್ಞಾನ.

೬

ಕೋಣೆಯ ಆಯ್ಕೆಯಿಂದ ಆಗುವುದೇನು ಎಂದು ಕೇಳಬಹುದು. ಲಿನಕ್ಸ್‌ನ ಒಳಗಿನ ಒಪ್ಪಂದಗಳು ಸ್ಥಿರವಲ್ಲ. ಅವನ್ನು ಬದಲಿಸುವವನು ಮರದೊಳಗಿರುವ ಎಲ್ಲ ಬಳಕೆಗಳನ್ನೂ ತಾನೇ ತಿದ್ದಿಕೊಡಬೇಕೆಂಬುದು ಅಲ್ಲಿಯ ಪದ್ಧತಿ. ಹೀಗಾಗಿ ಮರದೊಳಗೆ ತಕ್ಕ ಸ್ಥಳದಲ್ಲಿರುವ ಚಾಲಕಕ್ಕೆ ಬರೆದವನು ಮರೆತರೂ ಆರೈಕೆ ದೊರೆಯುತ್ತದೆ. ತಯಾರಕರು ತಮ್ಮಲ್ಲಿಯೇ ಇಟ್ಟುಕೊಂಡು ಹಂಚುವ ಚಾಲಕ ಮುಂದಿನ ಆವೃತ್ತಿಯಲ್ಲಿ ಕೆಡುತ್ತದೆ; ತಯಾರಕರಿಗೆ ಆಸಕ್ತಿ ಮುಗಿದಿದ್ದರೆ ಸಾಧನವೂ ಮೂಲೆ ಸೇರುತ್ತದೆ.

ಕನ್ನಡಕ್ಕೆ ಈ ಪಾಠ ಹೊಸದಲ್ಲ. ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರದ ಕಾರ್ಡು, ಪಿಸಿಯ ಐಎಸ್‌ಎ ಬಸ್ಸಿನ ಕಿಂಡಿಗೆ ಸಿಕ್ಕಿಸುವಂಥದು. ಡಾಸ್ ಕಾಲದ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳನ್ನು ಮೂಡಿಸಿದ್ದು ಅದರ ದೊಡ್ಡ ಸಾಧನೆ. ೧೯೮೧ರ ಐಬಿಎಂ ಪಿಸಿಯಿಂದ ಬಂದ ಐಎಸ್‌ಎ ಬಸ್ಸಿನಲ್ಲಿ ಸಾಧನಗಳು ತಮ್ಮನ್ನು ಪರಿಚಯಿಸಿಕೊಳ್ಳುತ್ತಿರಲಿಲ್ಲ. ಕಾರ್ಡಿನ ಮೇಲಿನ ಸಣ್ಣ ಕೊಂಡಿಗಳನ್ನು ಕೈಯಿಂದ ಹೊಂದಿಸಬೇಕಿತ್ತು. ೧೯೯೦ರ ದಶಕದ ನಡುವೆ ಸಂಶೋಧನ ವಿದ್ಯಾರ್ಥಿಯಾಗಿದ್ದ ನಾನು ನನ್ನ ಪ್ರಬಂಧದ ಪದಪ್ರಯೋಗ ಸೂಚಿಯನ್ನು ಇಂಥದೊಂದು ಲಿಪಿ ಕಾರ್ಡಿದ್ದ ಯಂತ್ರದಲ್ಲಿ ಒಂದು ವರ್ಷ, ಅದು ಕೆಟ್ಟ ಮೇಲೆ ಬೇರೊಂದು ಯಂತ್ರದಲ್ಲಿ ಅಕ್ಷರವಿನ್ಯಾಸದ ತಂತ್ರಾಂಶದಿಂದ ಇನ್ನೊಂದು ವರ್ಷ ಬೆರಳಚ್ಚು ಮಾಡಿದೆ. ಕೆಲವು ವರ್ಷಗಳಲ್ಲಿ ಎರಡೂ ಯಂತ್ರಗಳು ಹೋದವು. ಹೊಸ ಯಂತ್ರಗಳಲ್ಲಿ ಕಾರ್ಡು ಸಿಕ್ಕಿಸುವ ಕಿಂಡಿಯೇ ಇರಲಿಲ್ಲ. ಫ್ಲಾಪಿಗಳಿಂದ ಕಡತಗಳನ್ನು ಹೇಗೋ ಉಳಿಸಿಕೊಂಡಿದ್ದೆ. ತೆರೆದರೆ ಗುರುತು ಸಿಗದ ಚಿಹ್ನೆಗಳು.

ಬಹುಕಾಲದ ಬಳಿಕ ಅವನ್ನು ಪರಿವರ್ತಿಸಲು ಕುಳಿತಾಗ ಕಂಡ ವ್ಯತ್ಯಾಸ ನನಗೆ ಕಣ್ಣು ತೆರೆಸಿತು. ಮೊದಲ ವರ್ಷದ ಕಡತಗಳು ೧೯೯೧ರ ರಾಷ್ಟ್ರೀಯ ಮಾನಕವಾದ ಇಸ್ಕಿ ಸಂಕೇತದಲ್ಲಿದ್ದವು. ಅಕ್ಷರ ಯಾವುದು ಎಂಬ ಜ್ಞಾನ ಕಡತದಲ್ಲಿ, ಅದನ್ನು ತೆರೆಯ ಮೇಲೆ ಮೂಡಿಸುವ ಜ್ಞಾನ ಕಾರ್ಡಿನಲ್ಲಿ, ಹೀಗೆ ಬೇರೆ ಬೇರೆ ಇದ್ದುದರಿಂದ ಕಾರ್ಡು ಹೋದರೂ ಪಠ್ಯ ಉಳಿಯಿತು. ಒಂದು ಮಧ್ಯಾಹ್ನದಲ್ಲಿ ಯುನಿಕೋಡ್ ಆಯಿತು. ಎರಡನೆಯ ವರ್ಷದವುಗಳಲ್ಲಿ ಇದ್ದುದು ಅಕ್ಷರಗಳಲ್ಲ, ಒಂದು ನಿರ್ದಿಷ್ಟ ಅಕ್ಷರವಿನ್ಯಾಸದ ತುಣುಕುಗಳ ಸಂಖ್ಯೆಗಳು. ಒತ್ತಕ್ಷರಗಳಲ್ಲಿ, ವಿಶೇಷವಾಗಿ ಱ, ೞ ಬರುವ ಕಡೆಗಳಲ್ಲಿ, ಮುದ್ರಿತ ಪ್ರಬಂಧವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಿದ್ದಬೇಕಾಯಿತು. ಆ ಕೆಲಸ ಇನ್ನೂ ಮುಗಿದಿಲ್ಲ.

ಸಾಮಾನ್ಯ ಪದರಕ್ಕೆ ಒಯ್ಯುವಾಗ ಎಚ್ಚರವೂ ಬೇಕು. ಯುನಿಕೋಡ್‌ನಲ್ಲಿ ೞ ಅಕ್ಷರಕ್ಕೆ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಇಂದಿಗೂ ಅದೇ ಹೆಸರಿದೆ. ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಲಾಗಿದೆ. ಎಲ್ಲರೂ ಆಧರಿಸುವ ಪದರದಲ್ಲಿ ತಪ್ಪು ನುಸುಳಿದರೆ ಅದು ಕಲ್ಲಿನ ಮೇಲಿನ ಬರಹ. ತಿರುಳಿನಲ್ಲಿಯೂ ಹೊರಗಿನ ಕಾರ್ಯಕ್ರಮಗಳು ಅವಲಂಬಿಸಿರುವ ಒಪ್ಪಂದವನ್ನು ಮುರಿಯುವಂತಿಲ್ಲ. ಆದುದರಿಂದ ನಿಜವಾಗಿ ಸಾಮಾನ್ಯವಾದುದನ್ನು ಮಾತ್ರ, ಹಲವರು ನೋಡಿದ ಮೇಲೆ, ಅಲ್ಲಿಗೆ ಒಯ್ಯಬೇಕು.

೭

ಒಟ್ಟಾರೆ ಹೀಗೆ ಹೇಳಬಹುದು. ಬಸ್ಸಿನ ನಿಯಮವನ್ನು ಬಲ್ಲ ತಂತ್ರಾಂಶದ ನೆಲೆ ತಿರುಳಿನ ಸಾಮಾನ್ಯ ಪದರ; ಅದು ಫಲಕದ ಕೋಶದಲ್ಲಾಗಲಿ ಸಾಧನದ ಚಾಲಕದಲ್ಲಾಗಲಿ ಇರಬಾರದು. ನಿಯಂತ್ರಕವನ್ನು ಬಲ್ಲದ್ದು ಅದರ ಕೆಳಗೆ, ಅದೇ ಬಸ್ಸಿನ ಕೋಶದಲ್ಲಿ. ಸಾಧನವನ್ನು ಬಲ್ಲದ್ದು ಸಾಧನದ ಕಾರ್ಯಕ್ಕೆ ತಕ್ಕ ಕೋಶದಲ್ಲಿ. ಹಂಚಿಕೆಯಿಲ್ಲದಿದ್ದರೆ ತಿರುಳಿನ ಹೊರಗೂ ಇರಬಹುದು. ಎಲ್ಲಿ ಏನಿದೆ ಎಂಬ ವಿವರಣೆ ಈ ಮೂರರಿಂದಲೂ ಹೊರಗೆ, ಪ್ರತ್ಯೇಕ ಸೂಚಿಯಲ್ಲಿ. ಮದರಾಸಿನ ಐಐಟಿಯ ಶಕ್ತಿ, ಸಿ-ಡ್ಯಾಕ್‌ನ ವೇಗ ಎಂಬ ಸ್ವದೇಶಿ ಪ್ರೊಸೆಸರುಗಳು ಬರುತ್ತಿರುವ ಈ ಹೊತ್ತಿನಲ್ಲಿ ಅವುಗಳಿಗೆ ಬರೆಯುವವರೂ ಇದೇ ಪ್ರಶ್ನೆಯನ್ನು ಎದುರಿಸಬೇಕಾಗಿದೆ.

ಸಾಹಿತ್ಯದ ಸಂಶೋಧಕರು ತಿರುಳಿನ ತಂತ್ರಾಂಶ ಬರೆಯಬೇಕಾಗಿಲ್ಲ. ಆದರೆ ವಿಭಾಗಕ್ಕೆ ಸ್ಕ್ಯಾನರ್ ಕೊಳ್ಳುವಾಗ ಅದರ ಚಾಲಕ ಸಾಮಾನ್ಯ ಭಂಡಾರದಲ್ಲಿದೆಯೇ, ತಯಾರಕರ ಬಳಿ ಮಾತ್ರ ಇದೆಯೇ ಎಂದು ಕೇಳಬಹುದು. ಪಠ್ಯವನ್ನು ಉಳಿಸುವಾಗ ಅಕ್ಷರ ಉಳಿಯುತ್ತಿದೆಯೇ, ಅದರ ಚಿತ್ರದ ತುಣುಕು ಉಳಿಯುತ್ತಿದೆಯೇ ಎಂದು ನೋಡಬಹುದು. ಹಳೆಯ ಫ್ಲಾಪಿಗಳಲ್ಲಿ ಕನ್ನಡ ಪಠ್ಯವಿಟ್ಟುಕೊಂಡಿರುವವರು ಅವನ್ನು ಓದಬಲ್ಲ ಯಂತ್ರ ಎಲ್ಲಿಯಾದರೂ ಉಳಿದಿರುವಾಗಲೇ ಪ್ರತಿ ತೆಗೆದು, ಯಾವ ತಂತ್ರಾಂಶದಿಂದ ಬೆರಳಚ್ಚಾದುದು ಎಂಬ ಟಿಪ್ಪಣಿಯನ್ನು ಜೊತೆಗಿಡುವುದು ಒಳ್ಳೆಯದು. ಗನ್ನವರಂನಿಂದ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ ನನ್ನ ಎರಡನೆಯ ವರ್ಷದ ಕಡತಗಳಿಗೆ ಅಂಥದೊಂದು ಟಿಪ್ಪಣಿ ಬರೆದದ್ದು.